ಮೈಕಿಗೆ ‘ಬ್ಯಾಳಿ’ ಅಂದರೆ ಏನು ಬರೆಯುತ್ತದೆ? ಕನ್ನಡ ಧ್ವನಿ ಟೈಪಿಂಗ್ ವಿಮರ್ಶೆ

ಫೋನಿನ ಕೀಬೋರ್ಡಿನ ಮೂಲೆಯಲ್ಲಿ ಒಂದು ಪುಟ್ಟ ಮೈಕಿನ ಗುರುತು ಇರುತ್ತದೆ. ಅದನ್ನು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಪರದೆಯ ಮೇಲೆ ಕನ್ನಡ ಅಕ್ಷರ ಮೂಡುತ್ತದೆ. ಬೇರೆ ದುಡ್ಡು ಕೊಡಬೇಕಿಲ್ಲ, ಒತ್ತಕ್ಷರಕ್ಕೆ ಕೀಲಿ ಹುಡುಕಿ ಬೆರಳು ನೋಯಿಸಿಕೊಳ್ಳಬೇಕಿಲ್ಲ. ಕಣ್ಣು ಮಂಜಾದ ಹಿರಿಯರಿಗೆ, ಕೈತುಂಬ ಕೆಲಸವಿರುವ ಅಂಗಡಿಯವರಿಗೆ, ಬರೆಯಲು ಹಿಂಜರಿದರೂ ಮಾತಿನಲ್ಲಿ ಯಾರಿಗೂ ಸೋಲದ ಎಷ್ಟೋ ಜನರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ‘ಕನ್ನಡಕ್ಕೂ ಸಿಗುತ್ತದೆ’ ಎಂದು ಹೇಳಿ ವಿಮರ್ಶೆ ಮುಗಿಸುವಂತಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಒಂದೇ ಮಾತು ಹತ್ತು ಬಗೆಯಾಗಿ ಕೇಳುತ್ತದೆ. ಈ ಸೌಲಭ್ಯ ಅದರಲ್ಲಿ ಯಾವುದನ್ನು ಕೇಳಿಸಿಕೊಳ್ಳುತ್ತದೆ, ಯಾವುದನ್ನು ತಾನಾಗಿ ತಿದ್ದಿಬಿಡುತ್ತದೆ, ಎಲ್ಲಿ ಕಕ್ಕಾಬಿಕ್ಕಿಯಾಗುತ್ತದೆ ಎಂಬುದನ್ನು ನೋಡಬೇಕು.

ತೀರ್ಪು ಮೊದಲೇ ಹೇಳಿಬಿಡೋಣ. ವಾರ್ತೆ ಓದುವವರ ಕನ್ನಡ, ಮೈಸೂರು–ಬೆಂಗಳೂರು ಕಡೆಯ ಓದಿದವರ ಮಾತು, ಮಂಗಳೂರಿನವರ ಶಾಲೆಗನ್ನಡ, ಈ ಮೂರಕ್ಕೆ ಧಾರಾಳವಾಗಿ ಬಳಸಬಹುದು. ಧಾರವಾಡ, ಬೆಳಗಾವಿ, ವಿಜಯಪುರದ ಮಾತಿಗಾದರೆ ಪ್ರತಿ ಸಾಲು ತಿದ್ದುವ ಸಹನೆ ಬೇಕು. ಕುಂದಾಪುರದ ಮಾತು, ಹವ್ಯಕರ ಮಾತು, ಕಲಬುರಗಿ–ಬೀದರಿನ ಹಳ್ಳಿಮಾತಿಗೆ ಇದು ಇನ್ನೂ ಒದಗುವುದಿಲ್ಲ. ಇದರಲ್ಲಿ ಮಾತಾಡುವವರ ತಪ್ಪು ಎಳ್ಳಷ್ಟೂ ಇಲ್ಲ. ‘ಒರಟು’, ‘ಅಶುದ್ಧ’ ಎಂದು ಕರೆಸಿಕೊಂಡ ಒಂದೊಂದು ಉಚ್ಚಾರದ ಹಿಂದೆಯೂ ಕಟ್ಟುನಿಟ್ಟಾದ ನಿಯಮವಿದೆ. ಯಂತ್ರಕ್ಕೆ ಆ ನಿಯಮವನ್ನು ಯಾರೂ ಕಲಿಸಿಲ್ಲ, ಅಷ್ಟೆ.

ಯಂತ್ರ ಕೇಳುವ ಬಗೆ ತಿಳಿದರೆ ಅದು ಎಲ್ಲಿ ಎಡವುತ್ತದೆ ಎಂಬುದೂ ತಿಳಿಯುತ್ತದೆ. ಸಾಮಾನ್ಯವಾಗಿ ಅದು ಮಾತನ್ನು ಸುಮಾರು 25 ಮಿಲಿಸೆಕೆಂಡಿನ ತುಣುಕುಗಳಾಗಿ, 10 ಮಿಲಿಸೆಕೆಂಡಿಗೊಮ್ಮೆ ಮುಂದೆ ಸರಿಯುತ್ತಾ ಕತ್ತರಿಸಿಕೊಳ್ಳುತ್ತದೆ. ಪ್ರತಿ ತುಣುಕಿನಲ್ಲಿ ಯಾವ ಸ್ವರ, ಯಾವ ವ್ಯಂಜನ ಇರಬಹುದು ಎಂದು ಅಂದಾಜು ಹಾಕುತ್ತದೆ. ಆಮೇಲೆ ಅದುವರೆಗೆ ಬಂದ ಪದಗಳನ್ನು ನೋಡಿ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತದೆ. ಅಂದರೆ ಕಿವಿ ಅರ್ಧ, ಊಹೆ ಅರ್ಧ. ಊಹೆಯ ಭಾಗ ಕಲಿತದ್ದು ಹೆಚ್ಚಾಗಿ ಬರವಣಿಗೆಯ ಕನ್ನಡದಿಂದ. ಹಾಗಾಗಿ ಕಿವಿಗೆ ಸಂಶಯ ಬಂದಾಗಲೆಲ್ಲ ಅದು ಪತ್ರಿಕೆಯಲ್ಲಿ ಹೆಚ್ಚು ಸಲ ಅಚ್ಚಾದ ಪದದ ಕಡೆಗೇ ವಾಲುತ್ತದೆ.

‘ತೊಗರಿ ಬ್ಯಾಳಿ ಎರಡು ಕಿಲೋ’ ಎಂದು ಹುಬ್ಬಳ್ಳಿಯ ಕಿರಾಣಿ ಅಂಗಡಿಯವರು ಮೈಕಿಗೆ ಹೇಳಿದರು ಎಂದಿಟ್ಟುಕೊಳ್ಳಿ. ಹಿಂದೆ ‘ತೊಗರಿ’ ಇರುವುದರಿಂದ ಯಂತ್ರ ಊಹಿಸಿ ‘ಬೇಳೆ’ ಎಂದು ಬರೆದುಕೊಳ್ಳಬಹುದು. ಬರೀ ‘ಬ್ಯಾಳಿ ಕಳಸ್ರಿ’ ಎಂದರೆ ‘ಬೇಲಿ’ಯ ಕಡೆಗೆ ಜಾರುವ ಅಪಾಯ ಇದೆ. ಧಾರವಾಡದವರ ಬಾಯಲ್ಲಿ ‘ಬೇಲಿ’ಗೂ ‘ಬ್ಯಾಳಿ’ಗೂ ಗೊಂದಲವೇ ಇಲ್ಲ. ಬೇಲಿ ಬೇಲಿಯಾಗಿಯೇ ಉಳಿಯುತ್ತದೆ, ಬೇಳೆ ಮಾತ್ರ ಬ್ಯಾಳಿ ಆಗುತ್ತದೆ. ಯಾಕೆ?

ಉತ್ತರ ಮುಂದಿನ ಅಕ್ಷರದ ಸ್ವರದಲ್ಲಿದೆ. ಪದದ ಮೊದಲಲ್ಲಿ ‘ಏ’ ಇದ್ದು ಮುಂದಿನ ಅಕ್ಷರದಲ್ಲಿ ಇ ಅಥವಾ ಉ ಇದ್ದರೆ ಏ ಹಾಗೆಯೇ ನಿಲ್ಲುತ್ತದೆ: ಬೇಲಿ, ಬೇಕು, ಬೇರು, ತೇರು. ಮುಂದೆ ಅ ಅಥವಾ ಎ ಇದ್ದರೆ ನಾಲಗೆ ಕೆಳಗಿಳಿದು ‘ಯಾ’ ಆಗುತ್ತದೆ: ಬೇಡ ಹೋಗಿ ಬ್ಯಾಡ, ಬೇಸಗೆ ಹೋಗಿ ಬ್ಯಾಸಗಿ, ಪೇಟೆ ಹೋಗಿ ಪ್ಯಾಟಿ. ‘ಓ’ಗೂ ಅದೇ ಕಾನೂನು. ತೋಟ ತ್ವಾಟ ಆಗುತ್ತದೆ, ಕೋಣ ಕ್ವಾಣ ಆಗುತ್ತದೆ. ಕೋಳಿ ಮಾತ್ರ ಕೋಳಿಯೇ, ತೋಳು ತೋಳೇ. ಇನ್ನೊಂದು ನಿಯಮ ಇದರ ಬೆನ್ನಿಗೇ ಬರುತ್ತದೆ. ಪದದ ಕೊನೆಯ ‘ಎ’ ಉತ್ತರದಲ್ಲಿ ‘ಇ’ ಆಗುತ್ತದೆ: ಮನೆ ಮನಿ, ತಲೆ ತಲಿ, ಎಲೆ ಎಲಿ. ಬೇಳೆಯ ಏ ಮೊದಲು ಕೆಳಗಿಳಿಯಿತು, ಆಮೇಲೆ ಕೊನೆಯ ಎ ಮೇಲೇರಿತು, ಅದಕ್ಕೇ ಬ್ಯಾಳಿ. ಕ್ರಮ ತಿರುವುಮುರುವಾಗಿದ್ದರೆ ಅದು ಬೇಳಿಯಾಗಿ ನಿಂತುಬಿಡುತ್ತಿತ್ತು. ಶಾಲೆಗೇ ಹೋಗದ ಅಜ್ಜಿಯೂ ಈ ನಿಯಮವನ್ನು ಎಲ್ಲೂ ತಪ್ಪುವುದಿಲ್ಲ.

ಇದು ಉತ್ತರದವರೇ ಕಟ್ಟಿಕೊಂಡ ಚಾಳಿಯೂ ಅಲ್ಲ. ‘ಬ್ಯಾಡ’, ‘ತ್ವಾಟ’ ಹಾಸನ, ಮಂಡ್ಯದ ಹಳ್ಳಿಗಳಲ್ಲೂ ಕೇಳುತ್ತವೆ. ಮುಂದಿನ ಸ್ವರ ಹಿಂದಿನ ಸ್ವರವನ್ನು ಎಳೆಯುವುದು ಕನ್ನಡದ ಬಹಳ ಹಳೆಯ ಗುಣ. ತಮಿಳಿನವರು ‘ಚೆವಿ’ ಅನ್ನುವುದನ್ನು ನಾವು ‘ಕಿವಿ’ ಅನ್ನುತ್ತೇವಲ್ಲ, ಅಲ್ಲಿ ಎ ಮೇಲೇರಿ ಇ ಆದದ್ದೂ ಮುಂದಿನ ‘ವಿ’ಯಲ್ಲಿರುವ ಇ ಎಳೆದದ್ದರಿಂದಲೇ. ಕಿವಿ ಶಿಷ್ಟ, ಬ್ಯಾಳಿ ಅಶಿಷ್ಟ ಎಂದು ಹೇಳುವವರಿಗೆ ಭಾಷೆಯಲ್ಲಿ ಆಧಾರ ಸಿಗುವುದಿಲ್ಲ. ಒಂದು ಬದಲಾವಣೆ ಬರವಣಿಗೆಗೆ ಮೊದಲೇ ಸೇರಿಕೊಂಡಿತು, ಇನ್ನೊಂದು ಬಾಯಲ್ಲೇ ಉಳಿಯಿತು.

ಉತ್ತರ ಕರ್ನಾಟಕದವರು ಈ ಸೌಲಭ್ಯ ಬಳಸುವಾಗ ಇನ್ನೂ ಕೆಲವು ಕಡೆ ಎಚ್ಚರವಾಗಿರಬೇಕು. ‘ಮನಿ’ ಎಂದು ಬರೆದದ್ದು ಸರಿಯಾಗಿಯೇ ಕಂಡರೂ ಓದುವವರು ಬೆಂಗಳೂರಿನವರಾದರೆ ದುಡ್ಡು ಎಂದು ತಿಳಿಯಬಹುದು. ‘ಸೀರೆ’ಯನ್ನು ‘ಶೀರಿ’, ‘ಸಿಟ್ಟು’ ಅನ್ನುವುದನ್ನು ‘ಶಿಟ್ಟು’ ಎನ್ನುವ ರೂಢಿ ಇರುವಲ್ಲಿ ಸ, ಶ ಎರಡನ್ನೂ ಕಣ್ಣಿಟ್ಟು ನೋಡಿ. ಇ ಮುಂದಿದ್ದಾಗ ಸ ಶ ಆಗುವುದು ನೆರೆಯ ಮರಾಠಿಯಲ್ಲೂ ಇದೆ. ‘ಬರ್ರಿ’ ಎಂದು ಗೌರವದಿಂದ ಕರೆದದ್ದು ‘ಬರಿ’ ಎಂದು ಬಿದ್ದರೆ ಅರ್ಥವೇ ಬೇರೆ. ಎಲ್ಲಕ್ಕಿಂತ ಮುಖ್ಯ ಹಣದ ಮಾತು. ‘ದೀಡ್ ಸಾವಿರ’ ಅಂದರೆ 1,500, ‘ಅಡೀಚ್ ಸಾವಿರ’ ಅಂದರೆ 2,500 ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಯಂತ್ರ ‘ದೀಡ್’ ಬಿಟ್ಟು ಬರೀ ಸಾವಿರ ಬರೆದುಕೊಂಡರೆ ಲೆಕ್ಕ 500 ರೂಪಾಯಿ ತಪ್ಪುತ್ತದೆ. ಮೊತ್ತವನ್ನು ಅಂಕಿಯಲ್ಲಿ ಕೈಯಿಂದಲೇ ಒತ್ತುವುದು ಒಳ್ಳೆಯದು.

ಕುಂದಾಪುರದ ಮಾತಿನಲ್ಲಿ ಆಗುವ ತಪ್ಪು ಇದಕ್ಕಿಂತ ಅಪಾಯಕಾರಿ, ಯಾಕೆಂದರೆ ಅದು ತಪ್ಪಿನ ಹಾಗೆ ಕಾಣುವುದೇ ಇಲ್ಲ. ಅಲ್ಲಿ ‘ಇತ್ತ್’ ಅಂದರೆ ‘ಇದೆ’. ‘ಅಂಗಡಿ ಬಸ್‌ಸ್ಟ್ಯಾಂಡ್ ಹತ್ರವೇ ಇತ್ತ್’ ಎಂದರೆ ಈಗ ಅಲ್ಲೇ ಇದೆ ಎಂದರ್ಥ. ಧ್ವನಿ ಟೈಪಿಂಗ್ ಅದಕ್ಕೊಂದು ಉ ಸೇರಿಸಿ ‘ಇತ್ತು’ ಎಂದು ಬರೆದರೆ ಸಾಲು ವ್ಯಾಕರಣಶುದ್ಧವಾಗಿರುತ್ತದೆ, ಕೆಂಪು ಗೆರೆ ಬೀಳುವುದಿಲ್ಲ. ಓದಿದವರು ಮಾತ್ರ ಅಂಗಡಿ ಮುಚ್ಚಿ ಹೋಗಿದೆ ಎಂದುಕೊಳ್ಳುತ್ತಾರೆ. ‘ಮದ್ದು ಮನೇಲಿ ಇತ್ತ್’ ಎಂಬ ಸಂದೇಶ ಹೀಗೆ ಕಾಲ ಬದಲಿಸಿಕೊಂಡು ಹೋದರೆ ಆಗುವ ತೊಂದರೆ ಊಹಿಸಿ. ಕುಂದಾಪುರದವರು ಸಂದೇಶ ಕಳಿಸುವ ಮೊದಲು ‘ಇತ್ತು’ ಎಂದು ಬಿದ್ದಿರುವ ಪ್ರತಿಯೊಂದು ಜಾಗವನ್ನೂ ನೋಡಲೇಬೇಕು.

‘ಹೋಪ’, ‘ಬಪ್ಪ’, ‘ಕಾಂಬ’ (ಹೋಗುವ, ಬರುವ, ಕಾಣುವ) ಎಂಬ ರೂಪಗಳಂತೂ ಅದಕ್ಕೆ ದಕ್ಕುವುದಿಲ್ಲ. ‘ನಾಳೆ ಕಾಂಬ’ ಎಂದರೆ ಕಂಬವೋ ಕಾಂಬೋಡಿಯವೋ ಎಂದು ತಡವರಿಸುತ್ತದೆ. ಇವು ಹಳಗನ್ನಡದ ‘ಪೋಪ’, ‘ಬರ್ಪ’, ‘ಕಾಣ್ಬ’ಗಳ ನೇರ ಸಂತಾನ. ಕನ್ನಡ ಎಂ.ಎ. ತರಗತಿಯಲ್ಲಿ ಕಷ್ಟಪಟ್ಟು ಬಾಯಿಪಾಠ ಮಾಡುವ ರೂಪಗಳನ್ನು ಕುಂದಾಪುರ ಮತ್ತು ಹವ್ಯಕ ಮನೆಗಳ ಮಕ್ಕಳು ಆಡುತ್ತಾ ಕಲಿಯುತ್ತಾರೆ. ಕನ್ನಡದ ಯಂತ್ರವೊಂದು ಕನ್ನಡದ ಇಷ್ಟು ಹಳೆಯ ಪದರವನ್ನೇ ಗುರುತಿಸದಿದ್ದರೆ ಅದು ಸಣ್ಣ ಕೊರತೆ ಅಲ್ಲ.

ಮಂಗಳೂರಿನ ಕಥೆ ಪೂರ್ತಿ ಉಲ್ಟಾ. ಅಲ್ಲಿ ಬಹುತೇಕರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಬಂದದ್ದು ಹೆಚ್ಚಾಗಿ ಶಾಲೆಯ ಪುಸ್ತಕದಿಂದ. ಅದಕ್ಕೇ ‘ಹೋಗುವುದು’, ‘ಮಾಡಬೇಕು’ ಎಂದು ಒಂದು ಸ್ವರವನ್ನೂ ನುಂಗದೆ ಹೇಳುತ್ತಾರೆ. ಸಿನಿಮಾದಲ್ಲಿ ನಗಿಸಲು ಬಳಸಿಕೊಂಡ ಆ ಮಾತಿಗೇ ಧ್ವನಿ ಟೈಪಿಂಗ್ ಅತ್ಯಂತ ಚೆನ್ನಾಗಿ ಸ್ಪಂದಿಸುತ್ತದೆ, ಯಾಕೆಂದರೆ ಅದು ಬರವಣಿಗೆಗೆ ತೀರ ಹತ್ತಿರ. ‘ಉಂಟು’, ‘ಎಂತ’ ಎಂಬಲ್ಲಿ ಮಾತ್ರ ಒಮ್ಮೊಮ್ಮೆ ತಿದ್ದಬೇಕಾಗುತ್ತದೆ. ಬೆಂಗಳೂರಿನ ಮಾತು ಯಂತ್ರಕ್ಕೆ ಸುಲಭ ಎಂದು ಎಲ್ಲರೂ ತಿಳಿದಿರುತ್ತಾರೆ. ಆದರೆ ‘ಮಾಡ್ಕೊಂಡ್ಬಿಟ್ಟಿದೀನಿ’ ಎಂದು ಒಂದೇ ಉಸಿರಿಗೆ ಎರಡು ಸ್ವರ ನುಂಗಿದರೆ ಅಲ್ಲೂ ಪದ ಒಡೆದು ಎರಡು ಮೂರು ತುಂಡಾಗಿ ಬೀಳುತ್ತದೆ.

ಹಳೇ ಮೈಸೂರಿನ ಹಳ್ಳಿಗಳ ಕಡೆ ಬನ್ನಿ. ಅಲ್ಲಿ ‘ಹಾಲು’ ಎಷ್ಟೋ ಜನರ ಬಾಯಲ್ಲಿ ‘ಆಲು’. ‘ಬಾಳೆಹಣ್ಣು’ ‘ಬಾಳೆಅಣ್ಣು’ ಆಗುತ್ತದೆ. ಶಾಲೆಯಲ್ಲಿ ಹೊಡೆಸಿಕೊಂಡು ತಿದ್ದಿಕೊಂಡವರು ಭಯದಿಂದ ‘ಅಕ್ಕಿ’ಗೂ ಹಕಾರ ಸೇರಿಸಿ ‘ಹಕ್ಕಿ’ ಅನ್ನುವುದೂ ಉಂಟು. ‘ಹಕ್ಕಿ ತೊಳೆದಿಡು’ ಎಂದು ಫೋನಿನಲ್ಲಿ ಬಿದ್ದರೆ ತಪ್ಪು ಯಂತ್ರದ್ದಲ್ಲ, ಆ ಭಯ ಹುಟ್ಟಿಸಿದವರದ್ದು. ಈ ಹಕಾರದ ಚರಿತ್ರೆ ನೋಡಿದರೆ ಯಾರೂ ನಾಚಿಕೊಳ್ಳಬೇಕಾಗಿಲ್ಲ. ಹಳಗನ್ನಡದಲ್ಲಿ ಅದು ‘ಪಾಲ್’. ತಮಿಳಿನಲ್ಲಿ ಈಗಲೂ ಪಾಲ್, ತೆಲುಗಿನಲ್ಲಿ ಪಾಲು, ತುಳುವಿನಲ್ಲಿ ಪೇರ್. ಕನ್ನಡದಲ್ಲಿ 10ನೇ ಶತಮಾನದ ಆಸುಪಾಸಿನಿಂದ ಶಾಸನಗಳಲ್ಲಿ ಪಕಾರ ಸಡಿಲವಾಗಿ ಹಕಾರ ಆಗುತ್ತಾ ಬಂತು: ಪಳ್ಳಿ ಹಳ್ಳಿಯಾಯಿತು, ಪುಲಿ ಹುಲಿಯಾಯಿತು. ಪ ಹೇಳಲು ತುಟಿ ಪೂರ್ತಿ ಮುಚ್ಚಬೇಕು, ಹ ಹೇಳಲು ಬರೀ ಉಸಿರು ಸಾಕು, ಆ ಉಸಿರನ್ನೂ ಬಿಟ್ಟರೆ ‘ಆಲು’. ಒಂದೇ ದಾರಿಯಲ್ಲಿ ‘ಆಲು’ ಅನ್ನುವವರು ಒಂದು ಹೆಜ್ಜೆ ಮುಂದೆ ನಡೆದಿದ್ದಾರೆ. ‘ಹಾಲು’ ಅನ್ನುವವರೂ ಒಂದು ಕಾಲಕ್ಕೆ ‘ಪಾಲ್’ ಕೆಡಿಸಿದವರೇ.

‘ಐತೆ’, ‘ಬಂದವ್ನೆ’ ಎಂಬ ಮಂಡ್ಯದ ರೂಪಗಳನ್ನು ಕೆಲವೊಮ್ಮೆ ಹಾಗೇ ಬರೆಯುತ್ತದೆ, ಕೆಲವೊಮ್ಮೆ ‘ಇದೆ’, ‘ಬಂದವನೇ’ ಮಾಡುತ್ತದೆ. ‘ಬಂದವ್ನೆ’ ಅಂದರೆ ‘ಬಂದಿದ್ದಾನೆ’, ಹಾಗಾಗಿ ‘ಬಂದವನೇ’ ಅರ್ಥವನ್ನೂ ಕೆಡಿಸುತ್ತದೆ. ‘ಇದೆ’ ಅನ್ನುವವರು ಯಾರು, ‘ಐತೆ’ ಅನ್ನುವವರು ಯಾರು ಎಂಬುದರಲ್ಲಿ ಊರಿನ ಜೊತೆ ಜಾತಿ, ಓದು, ಮನೆತನದ ಲೆಕ್ಕವೂ ಸೇರಿಕೊಂಡಿರುವುದು ನಮ್ಮೆಲ್ಲರಿಗೂ ಗೊತ್ತು. ಎರಡು ವಾಕ್ಯ ಕೇಳಿಸಿಕೊಂಡೇ ‘ಇವರು ಇಂಥವರು’ ಎಂದು ಮನಸ್ಸಿನಲ್ಲಿ ಬರೆದುಕೊಳ್ಳುವ ಅಭ್ಯಾಸ ನಮ್ಮದು. ಯಂತ್ರಕ್ಕೆ ಯಾರ ಮಾತನ್ನು ಹೆಚ್ಚು ಕೇಳಿಸಿದ್ದೇವೆ ಎಂಬುದರಲ್ಲೂ ಅದೇ ಅಭ್ಯಾಸ ಇಳಿದುಬಂದಿದೆ.

ಊರಿನ ಲೆಕ್ಕ ಹೇಗೆ ಬಂತು ಎಂಬುದಕ್ಕೆ 1956ರ ಹಿಂದಿನ ನಕ್ಷೆ ತೆಗೆಯಬೇಕು. ಆ ವರ್ಷದ ನವೆಂಬರ್ 1ರಂದು ಒಂದಾಗುವವರೆಗೆ ಕನ್ನಡ ನಾಡು ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ, ಹೈದರಾಬಾದ್ ಸಂಸ್ಥಾನ, ಮದ್ರಾಸ್ ಪ್ರಾಂತ, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಧಾರವಾಡದ ಕಚೇರಿಯಲ್ಲಿ ಒಂದು ಕಾಲಕ್ಕೆ ಮರಾಠಿ, ಕಲಬುರಗಿಯ ಕಚೇರಿಯಲ್ಲಿ ಉರ್ದು ಓಡಾಡುತ್ತಿದ್ದವು. ದೀಡ್, ಖರೇ, ಜಲ್ದಿ ಎಂಬ ಮಾತುಗಳಲ್ಲಿ ಆ ಕಚೇರಿಗಳ ಗುರುತು ಇಂದಿಗೂ ಇದೆ. ಒಂದಾದ ಮೇಲೆ ಪಠ್ಯಪುಸ್ತಕ ಮತ್ತು ರೇಡಿಯೋ ವಾರ್ತೆಯ ಕನ್ನಡ ಎಲ್ಲರಿಗೂ ಮಾದರಿಯಾಯಿತು. ‘ಆಕಾಶವಾಣಿ’ ಎಂಬ ಹೆಸರೇ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಶುರು ಮಾಡಿದ ಬಾನುಲಿ ಕೇಂದ್ರದ್ದು. ಇವತ್ತಿನ ಯಂತ್ರ ಆ ಮಾದರಿಯ ಕನ್ನಡಕ್ಕೇ ಹೆಚ್ಚು ಒಗ್ಗಿಕೊಂಡಿದೆ.

ಮಹಾಪ್ರಾಣದ ವಿಷಯದಲ್ಲಿ ಈ ಸೌಲಭ್ಯವನ್ನು ಮನಸಾರೆ ಮೆಚ್ಚಬೇಕು. ನೀವು ‘ಬಾರತ’ ಎಂದರೂ ‘ಭಾರತ’, ‘ದಾರವಾಡ’ ಎಂದರೂ ‘ಧಾರವಾಡ’ ಎಂದು ಸರಿಯಾಗಿ ಬರೆಯುತ್ತದೆ. ದಿನದ ಮಾತಿನಲ್ಲಿ ಕನ್ನಡಿಗರು ಮಹಾಪ್ರಾಣ ಉಚ್ಚರಿಸುವುದಿಲ್ಲ, ಹಾಗಿದ್ದ ಮೇಲೆ ಬರೆಯುವುದು ಯಾಕೆ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರು ಬಹುಕಾಲ ವಾದಿಸಿದರು, ತಮ್ಮ ಹೆಸರನ್ನೂ ಹಾಗೆಯೇ ಬರೆದುಕೊಂಡರು. ಅವರ ವಾದದ ಅರ್ಧ ಭಾಗ ಸರಿ ಎಂಬುದಕ್ಕೆ ಈ ಯಂತ್ರವೇ ಸಾಕ್ಷಿ. ಅದು ಮಹಾಪ್ರಾಣವನ್ನು ಬಹುಮಟ್ಟಿಗೆ ಕಿವಿಯಿಂದ ಹಿಡಿಯದೆ ಊಹೆಯಿಂದ ತುಂಬಿಕೊಳ್ಳುತ್ತದೆ. ಹಾಗಾಗಿ ಎರಡೂ ಪದ ಇರುವಲ್ಲಿ ಮಾತ್ರ ಎಡವುತ್ತದೆ. ‘ಸಹಾಯಧನ’ ಎಂದು ಕೂಡಿಸಿ ಹೇಳಿದರೆ ಸರಿ. ಬರೀ ‘ಧನ’ ಎಂದರೆ ದನ ಬಂದು ನಿಲ್ಲಬಹುದು.

ಕನ್ನಡವನ್ನು ಎರಡನೇ ಭಾಷೆಯಾಗಿ ಆಡುವವರ ಗೋಳು ಬೇರೆ. ಉರ್ದುವಿನಲ್ಲಿ ಳ, ಣ ಇಲ್ಲದ್ದರಿಂದ ‘ಹಳ್ಳಿಗೆ ಹೋದೆ’ ‘ಹಲ್ಲಿಗೆ ಹೋದೆ’ ಆಗಬಹುದು. ಕಾಳು ಕಾಲಾಗಬಹುದು. ಪದದ ಮೊದಲಲ್ಲಿ ಕ–ಗ ಭೇದ ಮಾಡದ ತಮಿಳಿನ ನಾಲಗೆಗೆ ‘ಗಂಡ’ ‘ಕಂಡ’ ಆಗುತ್ತದೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಲ್ಲಿ ಮೂರು ತೊಡಕು ಒಟ್ಟಿಗೇ ಕಾಣುತ್ತವೆ. ಇಂಗ್ಲಿಷಿನ ತಕಾರ ನಮ್ಮ ತ ಮತ್ತು ಟ ನಡುವೆ ಎಲ್ಲೋ ನಿಲ್ಲುವುದರಿಂದ ಕತ್ತೆ, ಕಟ್ಟೆ ಒಂದಾಗುತ್ತವೆ. ಪದದ ಮೊದಲ ಪ, ಟ, ಕಗಳಿಗೆ ಉಸಿರು ಸೇರಿ ‘ಪಾಪ’ ‘ಫಾಪ’ದ ಹಾಗೆ ಕೇಳುತ್ತದೆ. ಒತ್ತು ಸಡಿಲವಾಗಿ ‘ಹಳ್ಳಿ’ ‘ಹಳಿ’ಯಾಗುತ್ತದೆ. ಇವರು ಮೈಕಿಗೆ ಹೇಳುವಾಗ ಒತ್ತಕ್ಷರದ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋದರೆ ಬಹಳಷ್ಟು ತಪ್ಪು ತಪ್ಪುತ್ತದೆ. ಅಜ್ಜಿಗೆ ಸಂದೇಶ ಕಳಿಸುವ ನೆಪದಲ್ಲಿ ಮಕ್ಕಳಿಗೆ ಉಚ್ಚಾರ ಕಲಿಸಲು ಇದು ಒಳ್ಳೆಯ ಸಾಧನವೂ ಹೌದು: ‘ಅತ್ತೆ’ ಎಂದದ್ದು ‘ಅತ್ತೆ’ ಎಂದೇ ಬೀಳುವವರೆಗೆ ಹೇಳಿಸಿ.

ಇನ್ನು ಬಳಕೆಯ ವಿಷಯ. ಬಹಳ ಜನರಿಗೆ ಮೊದಲ ದಿನವೇ ಬೇಸರವಾಗಲು ಕಾರಣ ಉಚ್ಚಾರವಲ್ಲ, ಸೆಟ್ಟಿಂಗ್. ಕೀಬೋರ್ಡಿನ ಭಾಷೆಗಳಲ್ಲಿ ಕನ್ನಡ ಸೇರಿಸಿ, ಧ್ವನಿ ಟೈಪಿಂಗ್‌ಗೆ ಬೇರೆ ಭಾಷಾಪಟ್ಟಿ ಇದ್ದರೆ ಅಲ್ಲೂ ಕನ್ನಡ ಆರಿಸಿ, ಮೈಕ್ ಒತ್ತುವ ಮೊದಲು ಕೀಬೋರ್ಡ್ ಕನ್ನಡಕ್ಕೆ ಬಂದಿದೆಯೇ ನೋಡಿ. ಇಂಗ್ಲಿಷ್ ಕೀಬೋರ್ಡ್ ಇರುವಾಗ ಮೈಕ್ ಒತ್ತಿದರೆ ಅದು ನಿಮ್ಮ ಕನ್ನಡದಲ್ಲಿ ಇಂಗ್ಲಿಷ್ ಹುಡುಕುತ್ತದೆ. ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಎದುರಿಗೆ ಹಿಡಿದರೆ ಪ, ಬ ಹೇಳುವಾಗಿನ ಗಾಳಿ ಮೈಕಿಗೆ ಬಡಿಯುತ್ತದೆ. ಎಂಟು ಹತ್ತು ಪದಕ್ಕೊಮ್ಮೆ ನಿಲ್ಲಿಸಿ. ಒಂದೊಂದೇ ಪದ ಬಿಡಿಸಿ ಹೇಳುವುದು ಮಾತ್ರ ಬೇಡ, ಮುಂದುಹಿಂದಿನ ಪದ ಇಲ್ಲದೆ ಊಹೆ ಕೆಲಸ ಮಾಡುವುದಿಲ್ಲ. ಪೂರ್ಣವಿರಾಮ, ಪ್ರಶ್ನೆ ಚಿಹ್ನೆ ಕೈಯಿಂದಲೇ ಹಾಕಿ. ಇಂಟರ್ನೆಟ್ ಇಲ್ಲದೆ ಬಳಸಬೇಕಾದರೆ ಕನ್ನಡದ ಆಫ್‌ಲೈನ್ ಕಡತ ನಿಮ್ಮ ಫೋನಿಗೆ ಸಿಗುತ್ತದೆಯೇ ನೋಡಿ ಇಳಿಸಿಕೊಳ್ಳಿ. ಆಫ್‌ಲೈನ್ ಅಲ್ಲದಿದ್ದರೆ ನಿಮ್ಮ ದನಿ ಕಂಪನಿಯ ಕಂಪ್ಯೂಟರಿಗೆ ಹೋಗಿ ಬರುತ್ತದೆ. ಬ್ಯಾಂಕ್ ಗುಟ್ಟುಗಳನ್ನು, ಪಾಸ್‌ವರ್ಡ್‌ಗಳನ್ನು ಹೀಗೆ ಹೇಳಲೇಬೇಡಿ.

ಹಳೆಯ ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ‘ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ’ ಎನ್ನುವವರು ಇದನ್ನು ಗಮನಿಸಬೇಕು. ಹಳೆಯ ಹೆಡ್‌ಸೆಟ್‌ಗಳು ಮೈಕ್ ಬಳಸುವಾಗ ಸೆಕೆಂಡಿಗೆ ದನಿಯ 8,000 ಮಾದರಿ (ಸ್ಯಾಂಪಲ್) ಮಾತ್ರ ಕಳಿಸುತ್ತವೆ. ಹಾಗಾದಾಗ ಅದರ ಅರ್ಧ, ಅಂದರೆ 4,000 ಹರ್ಟ್ಸ್‌ಗಿಂತ ಮೇಲಿನ ದನಿಯೆಲ್ಲ ಕತ್ತರಿಸಿ ಹೋಗುತ್ತದೆ. ಸಕಾರದ ಸುಯ್ಯೆನ್ನುವ ಸದ್ದಿನ ಹೆಚ್ಚಿನ ಭಾಗ ಇರುವುದೇ ಅದರ ಮೇಲೆ, ಶಕಾರದ್ದು ಸ್ವಲ್ಪ ಕೆಳಗೆ. ಅಲ್ಲಿಗೆ ‘ಸಾಲ’, ‘ಶಾಲೆ’, ‘ಹಾಲು’ ಬಿಡಿಸುವ ಸುಳಿವೇ ಹೊರಟುಹೋಗುತ್ತದೆ. ಫೋನಿನ ಮೈಕಿನಲ್ಲೇ ಅದೇ ವಾಕ್ಯ ಹೇಳಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮಿಕ್ಸಿ, ಟೇಬಲ್ ಫ್ಯಾನು, ಬಸ್ಸಿನ ಸದ್ದೂ ಮೊದಲು ನುಂಗುವುದು ಸ, ಶ, ಹಗಳನ್ನೇ.

ನಿಮ್ಮ ಫೋನಿಗೆ ನಿಮ್ಮ ಊರಿನ ಕನ್ನಡ ಎಷ್ಟು ಗೊತ್ತು ಎಂದು ತಿಳಿಯಲು ಐದೇ ನಿಮಿಷ ಸಾಕು. ‘ಪೇಟೆಗೆ ಹೋಗಿ ಬೇಳೆ, ಹಾಲು, ಬಾಳೆಹಣ್ಣು ತಂದು ಮನೆಯಲ್ಲಿ ಇಟ್ಟಿದ್ದೇನೆ, ಬೇಲಿ ಹತ್ತಿರ ಕೋಳಿ ಇದೆ’ ಎಂಬುದನ್ನು ಮೊದಲು ಪುಸ್ತಕದ ಹಾಗೆ ಓದಿ, ಆಮೇಲೆ ಮನೆಯಲ್ಲಿ ಹೇಳುವ ಹಾಗೆಯೇ ಮೂರು ಸಲ ಹೇಳಿ. ಮೂರು ಸಲವೂ ಒಂದೇ ತಪ್ಪು ಬಂದರೆ ಅದು ನಿಮ್ಮ ಮಾತಿನ ನಿಯಮ ಅದಕ್ಕೆ ಗೊತ್ತಿಲ್ಲದ ಗುರುತು. ಮೂರು ಬೇರೆ ಬೇರೆ ತಪ್ಪು ಬಂದರೆ ಮೈಕು, ಸದ್ದು, ನೆಟ್‌ವರ್ಕು ನೋಡಿ. ಮತ್ತೆ ಮತ್ತೆ ಬರುವ ಮನೆಮಾತಿನ ಪದಗಳನ್ನು ಕೀಬೋರ್ಡಿನ ಸ್ವಂತ ಪದಕೋಶಕ್ಕೆ ಸೇರಿಸಿಟ್ಟರೆ ತಿದ್ದುವಾಗ ಎರಡೇ ಅಕ್ಷರಕ್ಕೆ ಸಲಹೆ ಬರುತ್ತದೆ, ದನಿಯ ಊಹೆ ಮಾತ್ರ ಅದರಿಂದ ಸುಧಾರಿಸುತ್ತದೆ ಎಂದು ಎಣಿಸಬೇಡಿ.

ಅದು ಸುಧಾರಿಸಬೇಕಾದರೆ ಬೇರೆ ಬೇರೆ ಊರಿನ ದನಿ ಬೇಕು. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆಯ ‘ಭಾಷಾ ದಾನ’ದಲ್ಲಿ ‘ಬೋಲೋ ಇಂಡಿಯಾ’ ಎಂಬ ಭಾಗವಿದೆ. ಅಲ್ಲಿ ಪರದೆಯ ಮೇಲಿನ ವಾಕ್ಯ ಓದಿ ದನಿ ಕೊಡಬಹುದು. ಅದರ ಮಿತಿಯೂ ಅಲ್ಲೇ ಇದೆ: ಬರೆದದ್ದನ್ನು ಓದಲು ಕೊಟ್ಟರೆ ಧಾರವಾಡದವರೂ ‘ಬೇಳೆ’ ಎಂದೇ ಓದುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ನಡೆಸುವ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯಿಂದ ದನಿ ಸಂಗ್ರಹಿಸುತ್ತಾರೆ, ಓದಿಸುವ ಬದಲು ಒಂದು ಚಿತ್ರ ತೋರಿಸಿ ಅದರ ಬಗ್ಗೆ ಮಾತಾಡಲು ಹೇಳುತ್ತಾರೆ. ಮನೆಮಾತು ಹೊರಬರುವುದು ಹೀಗೆ ಕೇಳಿದಾಗ. ನಿಮ್ಮ ಊರಿಗೆ ಇಂಥ ಕೆಲಸ ಬಂದರೆ ಮನೆಯ ಹಿರಿಯರನ್ನು ಕೂರಿಸಿ. ಮೈಕ್ ಕಂಡ ಕೂಡಲೇ ಅವರು ಗಂಟಲು ಸರಿಮಾಡಿಕೊಂಡು ವಾರ್ತೆಯ ಕನ್ನಡಕ್ಕೆ ಹೊರಳುತ್ತಾರೆ. ಮೊದಲೆರಡು ನಿಮಿಷ ಮಳೆ, ಬೆಳೆ, ಮೊಮ್ಮಕ್ಕಳ ಮಾತಾಡಿಸಿ, ದನಿ ಅಂಗಳದ ದನಿಗೆ ಇಳಿದ ಮೇಲೆ ರೆಕಾರ್ಡಿಂಗ್ ಒತ್ತಿ.